ತೇಪೆ ಹಾಕಿದ ಮಾತು

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನ ಮಕ್ಕಳಿಗಿಂತ ಹೆಚ್ಚು ಬೆವರುವವರು ಇಂಟರ್‌ನೆಟ್ ಟೆಲಿಫೋನ್ ಕಂಪನಿಯ ಕಂಟ್ರೋಲ್ ರೂಮಿನವರು. ಮಕ್ಕಳು ಒಂದು ಸಲ ಬೆವರಿ ಮುಗಿಸುತ್ತಾರೆ. ಆಮೇಲೆ ಅವರ ಸೋದರಮಾವ, ಚಿಕ್ಕಮ್ಮ, ಬೀಗರು, ಟ್ಯೂಷನ್ ಮಾಸ್ತರು ಎಲ್ಲರೂ ಒಂದೇ ಗಳಿಗೆಗೆ ಫೋನು ಕೈಗೆತ್ತಿಕೊಳ್ಳುತ್ತಾರಲ್ಲ, ಆ ಭಾರವನ್ನೆಲ್ಲ ಹೊರಬೇಕಾದವು ಹುಬ್ಬಳ್ಳಿಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ತಣ್ಣಗೆ ಕೂತಿರುವ ಹನ್ನೆರಡು ಸರ್ವರುಗಳು. ಸ್ವರಸೇತು ಎಂಬ ಕಂಪನಿಯ ಆ ಹನ್ನೆರಡು ಯಂತ್ರಗಳ ಯೋಗಕ್ಷೇಮ ನೋಡಿಕೊಳ್ಳುವುದು ಗುರುಸಿದ್ಧನ ಕೆಲಸ.

ಆ ವರ್ಷದ ಫಲಿತಾಂಶದ ದಿನ ಬೆಳಿಗ್ಗೆ ಹತ್ತೂವರೆಗೆ ಪ್ರೊಸೆಸರುಗಳ ಮೇಲಿನ ಹೊರೆ ನೂರಕ್ಕೆ ಅರವತ್ತು ಇತ್ತು. ಹನ್ನೊಂದಕ್ಕೆ ಎಂಬತ್ತೆಂಟಾಯಿತು. ಹನ್ನೊಂದೂ ಕಾಲಿಗೆ ತೊಂಬತ್ತೇಳು ಮುಟ್ಟಿ, ಇಳಿಯುವ ಮನಸ್ಸಿಲ್ಲದೆ ಅಲ್ಲೇ ನಿಂತುಬಿಟ್ಟಿತು. ಗುರುಸಿದ್ಧ ಗೋಡೆಯ ಪರದೆಯಿಂದ ಕಣ್ಣು ಕೀಳದೆ ತಣ್ಣಗಾದ ಚಹಾ ಕುಡಿದ.

ಹಳೆಯ ಫೋನಿನಲ್ಲಿ ಇಬ್ಬರ ನಡುವೆ ಒಂದು ತಂತಿ ಇರುತ್ತಿತ್ತು, ಮಾತು ಅದರಲ್ಲಿ ಹರಿಯುತ್ತಿತ್ತು. ಇಂಟರ್‌ನೆಟ್ ಫೋನಿನಲ್ಲಿ ಮಾತು ಹರಿಯುವುದಿಲ್ಲ. ಒಂದು ಸೆಕೆಂಡಿನ ಮಾತನ್ನು ಐವತ್ತು ತುಂಡು ಮಾಡಿ, ಒಂದೊಂದನ್ನೂ ಪೊಟ್ಟಣ ಕಟ್ಟಿ, ವಿಳಾಸ ಬರೆದು ಕಳಿಸುತ್ತಾರೆ. ಸರ್ವರು ಪ್ರತಿ ಪೊಟ್ಟಣವನ್ನೂ ಬಿಚ್ಚಿ, ಆ ಕಡೆಯ ಫೋನಿಗೆ ಒಗ್ಗುವ ಹಾಗೆ ಮತ್ತೆ ಕಟ್ಟಿ ದಾಟಿಸಬೇಕು. ಪ್ರೊಸೆಸರಿಗೆ ಪುರಸೊತ್ತು ಸಿಗದಿದ್ದರೆ ಪೊಟ್ಟಣ ತಡವಾಗುತ್ತದೆ, ಮತ್ತು ಮಾತಿನ ವಿಷಯದಲ್ಲಿ ತಡವಾಗಿ ಬಂದದ್ದಕ್ಕೆ ಬೆಲೆಯಿಲ್ಲ, ಅದನ್ನು ಎಸೆದುಬಿಡುತ್ತಾರೆ. ‘ಹಲೋ, ಹಲೋ, ಕಡಿಕಡಿದು ಬರಾಕತ್ತೈತಿ’ ಎಂದು ನಾವೆಲ್ಲ ಅಂಗಳಕ್ಕೆ ಬಂದು ಕೂಗುವುದು ಆಗಲೇ.

ಈ ಕಾಯಿಲೆಗೆ ಮದ್ದಾಗಿ ಬಂದದ್ದು ತೇಪೆ. ನೀವು ಯಾರ ಜೊತೆ ಹೆಚ್ಚು ಮಾತಾಡುತ್ತೀರೋ ಅವರದೊಂದು ಅಚ್ಚನ್ನು ನಿಮ್ಮ ಫೋನು ತನ್ನೊಳಗೇ ಮಾಡಿಟ್ಟುಕೊಳ್ಳುತ್ತದೆ. ಅವರ ದನಿ, ಎಳೆತ, ಯಾವ ಮಾತಿಗೆ ಯಾವ ಉತ್ತರ ಕೊಡುತ್ತಾರೆ, ಎಲ್ಲಿ ನಗುತ್ತಾರೆ, ಎಲ್ಲ ಅದರಲ್ಲಿರುತ್ತದೆ. ಪೊಟ್ಟಣ ಬಾರದೆ ಮಾತಿನಲ್ಲಿ ತೂತು ಬಿದ್ದಾಗ, ಆ ಮನುಷ್ಯ ಏನಂದಿರಬಹುದೆಂದು ಊಹಿಸಿ, ಅವರದೇ ದನಿಯಲ್ಲಿ ಫೋನೇ ಆಡಿ ತೂತು ಮುಚ್ಚುತ್ತದೆ. ಸರ್ವರಿಗೆ ಹೊರುವ ಕೆಲಸ ತಪ್ಪಿತು, ಹೊರೆ ಇಳಿಯಿತು. ಸಾರ್ವಜನಿಕರಿಗೆ ಹೆಚ್ಚೆಂದರೆ ಮೂರು ಸೆಕೆಂಡು ತೇಪೆ ಹಾಕಬಹುದು ಎಂದು ಮಿತಿ ಇಟ್ಟಿದ್ದರು. ಗ್ರಾಹಕರ ದೂರು ಆರು ತಿಂಗಳಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು. ದುಬೈಯಲ್ಲಿರುವ ಮೊಮ್ಮಗ ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ ಕೇಳುತ್ತದೆ ಎಂದು ಅಜ್ಜಿಯರು ಹೊಗಳಿದರು. ಕೆಲವು ಸಲ ಮಾತಾಡಿದವನು ಮೊಮ್ಮಗನೇ ಅಲ್ಲ ಎಂದು ಯಾರೂ ಅವರಿಗೆ ಹೇಳಲು ಹೋಗಲಿಲ್ಲ.

ಆ ಕಂಟ್ರೋಲ್ ರೂಮಿಗೆ ತನ್ನದೇ ಒಂದು ಪದ್ಧತಿ ಇತ್ತು. ಮುಖ್ಯಸ್ಥೆ ದೇಸಾಯಿ ಮೇಡಂ ಹಾಕಿಕೊಟ್ಟದ್ದು. ಹೊಸದೇನು ಬಂದರೂ ಊರ ಜನರ ಮೇಲೆ ಬಿಡುವ ಮೊದಲು ನಮ್ಮ ಮನೆಯವರ ಮೇಲೆ ನೋಡಬೇಕು. ಅಲ್ಲಿನ ಎಂಟು ಜನರ ಹೆಂಡತಿ, ಗಂಡ, ಅವ್ವ, ಅಪ್ಪಂದಿರ ನಂಬರುಗಳನ್ನು ಒಂದು ಪಟ್ಟಿ ಮಾಡಿದ್ದರು. ಅದಕ್ಕೆ ‘ಮನೆಪಟ್ಟಿ’ ಎಂದೇ ಹೆಸರು. ಮನೆಯವರಿಗೆ ಹೇಳುವಂತಿರಲಿಲ್ಲ, ಹೇಳಿದರೆ ಅವರು ಕಿವಿ ನಿಮಿರಿಸಿ ಕೇಳಿ ಪರೀಕ್ಷೆ ಕೆಡುತ್ತದೆ. ಇದರಲ್ಲಿ ತಪ್ಪಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಕಷ್ಟ ಮೊದಲು ನಮಗೇ ಬರಲಿ ಅನ್ನುವ ಜನ ನಾವು ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದರು, ಗುರುಸಿದ್ಧನೂ ಕೂಡ.

ಹನ್ನೊಂದೂ ಇಪ್ಪತ್ತಕ್ಕೆ ಅವನ ಫೋನು ಬಡಿದುಕೊಂಡಿತು. ಹೆಂಡತಿ ದಾನೇಶ್ವರಿ. ಏಳನೇ ತಿಂಗಳಲ್ಲಿ ಕುಬುಸದ ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆಂದು ನರಗುಂದದ ತವರಿಗೆ ಹೋಗಿದ್ದಳು. ಈಗ ಎಂಟು ತುಂಬಿತ್ತು.

“ಏನ್ ಮಾಡಾಕತ್ತೀರಿ?” ಎಂದಿತು ಅವಳ ದನಿ.

“ರಿಸಲ್ಟ್ ದಿನ ಐತಲ್ಲ, ತಲಿ ಕೆರಕೊಳ್ಳಾಕ ಪುರಸೊತ್ತಿಲ್ಲ. ನೀ ಹೆಂಗದೀ?”

“ನಾ ಆರಾಮ ಅದೀನ್ರಿ. ನಾಷ್ಟಾ ಆತು. ಅವ್ವ ಎಣಗಾಯಿ ಮಾಡಾಕತ್ತಾಳ. ನೀವು ಹೊತ್ತಿಗೆ ಸರಿಯಾಗಿ ಊಟಾ ಮಾಡ್ರಿ.”

“ಮಾಡ್ತೀನಿ, ಮಾಡ್ತೀನಿ. ಸಂಜಿಕ ಮಾತಾಡೂಣು?”

“ಹೂಂನ್ರಿ. ಇಡ್ಲಾ ಹಂಗಾರ?”

ನಡುವೆ ಇನ್ನೂ ಎರಡು ಮಾತು ಬಂದಿರಬೇಕು, ಅವನ ಅರ್ಧ ಗಮನ ಪರದೆಯ ಮೇಲಿತ್ತು. ಒಟ್ಟು ಒಂದು ನಿಮಿಷ ನಲವತ್ತು ಸೆಕೆಂಡು. ಫೋನಿಟ್ಟು ನೋಡಿದರೆ ಹೊರೆ ತೊಂಬತ್ತೊಂದಕ್ಕೆ ಇಳಿಯುತ್ತಿತ್ತು. ಯಾವ ಸರ್ವರೂ ಕುಸಿಯಲಿಲ್ಲ. ದೇಸಾಯಿ ಮೇಡಂ ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು.

ಸಂಜೆ ನಾಲ್ಕಕ್ಕೆ ಅತ್ತೆಯ ಫೋನು ಬಂತು. ದಾನೇಶ್ವರಿಯನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರು ಹುಬ್ಬಳ್ಳಿಯಲ್ಲೇ ಇದ್ದರು, ಮಧ್ಯಾಹ್ನ ನೋವು ಶುರುವಾದ ಮೇಲೆ ಅವಳನ್ನು ಅಲ್ಲಿಗೇ ಕರೆತಂದಿದ್ದರು. ಗುರುಸಿದ್ಧ ಹತ್ತು ನಿಮಿಷದಲ್ಲಿ ಆಸ್ಪತ್ರೆ ಮುಟ್ಟಿದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಣ್ಣುಕೂಸು. ಕೂದಲು ದಟ್ಟವಾಗಿತ್ತು, ಮೂಗು ಅವನದೇ. ಕರುಳುಬಳ್ಳಿ ಕೊರಳಿಗೆ ಬಿಗಿದು ಮಧ್ಯಾಹ್ನದ ಹೊತ್ತಿಗೆ ಎದೆಬಡಿತ ನಿಂತಿದೆ ಎಂದರು ಡಾಕ್ಟರು. “ಮುಂಜಾನೇನ ಬಂದಿದ್ರ ನೋಡಬಹುದಿತ್ತು” ಎಂದವರು ಮಾತನ್ನು ಅಷ್ಟಕ್ಕೇ ಬಿಟ್ಟರು.

ದಾನೇಶ್ವರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವನು ತಲೆ ಸವರಲು ಹೋದರೆ ಕೈ ಸರಿಸಿದಳು.

“ನಿಮಗ ಹೇಳಿದ್ನಲ್ರಿ.”

“ಏನ್ ಹೇಳಿದ್ದಿ?”

“ಕೂಸು ಒದಿಯಾಕತ್ತಿಲ್ಲ ಅಂತ. ಹುಬ್ಬಳ್ಳಿಗೆ ಬಂದ್ ತೋರಸ್ಲೇನು ಅಂತ. ಏನೂ ಆಗೂದಿಲ್ಲ, ಸುಮ್ನ ಮಲಕೋ, ಸಂಜಿಕ ಮಾತಾಡೂಣು ಅಂದ್ರಿ. ಮಲಕೊಂಡೆ.”

ನೋವಿನಲ್ಲಿ, ಮದ್ದಿನ ಮಂಪರಿನಲ್ಲಿ ಏನೋ ಅನ್ನುತ್ತಿದ್ದಾಳೆ ಎಂದುಕೊಂಡ ಗುರುಸಿದ್ಧ. ಆದರೆ ಮೂರನೆಯ ದಿನವೂ ಅವಳು ಅದನ್ನೇ ಅಂದಳು, ಹದಿನೈದನೆಯ ದಿನವೂ ಅದನ್ನೇ. ಒಂದು ಸಲ ತಡೆಯಲಾರದೆ ಕೇಳಿಬಿಟ್ಟ, “ಎಣಗಾಯಿ ಮಾಡಾಕತ್ತಾಳ ಅವ್ವ, ಆರಾಮ ಅದೀನಿ ಅಂತ ನೀನ ಅಂದೀಯಲ್ಲ? ಕಿವಿಯಾರೆ ಕೇಳೀನಿ.”

“ಅವತ್ತ ನಮ್ಮನ್ಯಾಗ ಒಲಿನ ಹಚ್ಚಿದ್ದಿಲ್ಲ,” ಎಂದಳು ದಾನೇಶ್ವರಿ. “ಹಿಂತಾ ಹೊತ್ತಿನ್ಯಾಗ ಸುಳ್ಳು ಹೇಳಾಕ ನಿಮಗ ಮನಸ್ಸರ ಹೆಂಗ ಬಂತು?”

ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು, ಇಬ್ಬರಿಗೂ ಎದುರಿನವರು ಸುಳ್ಳು ಹೇಳುತ್ತಿದ್ದಾರೆ ಎನಿಸುತ್ತಿತ್ತು. ಸಂಸಾರ ಒಡೆಯಲು ಇದಕ್ಕಿಂತ ದೊಡ್ಡದೇನೂ ಬೇಕಿಲ್ಲ. ಬಾಣಂತನವಿಲ್ಲದ ಬಾಣಂತಿಯಾಗಿ ಅವಳು ತವರಿನಲ್ಲೇ ಉಳಿದಳು. ಅವನು ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಅತ್ತೆ ಎತ್ತಿ, “ಇನ್ನೊಂದೀಟು ದಿನಾ ಬಿಡಪಾ, ಆಕಿ ಬಾಯಿನ ಬಿಡವಲ್ಳು” ಎನ್ನುತ್ತಿದ್ದಳು. ನಾದಿನಿಯ ಮದುವೆ ಮಾತು, ಮಾವನ ಸಕ್ಕರೆ ಕಾಯಿಲೆ ಎಲ್ಲ ಕೇಳಿಸಿಕೊಂಡು ಗುರುಸಿದ್ಧ ಫೋನು ಇಡುತ್ತಿದ್ದ. ತಾನು ಆ ದಿನ ನಿಜಕ್ಕೂ ಏನಂದೆ ಎಂದು ಅವನಿಗೇ ಅನುಮಾನ ಶುರುವಾಗಿತ್ತು. ಹಗಲು ಸರ್ವರುಗಳ ಮುಂದೆ ಕೂತು ಕೆಲಸ ಮಾಡುತ್ತಿದ್ದ, ಮನೆಗೆ ಬಂದು ತೊಟ್ಟಿಲಿಗೆಂದು ತಂದಿಟ್ಟ ಹಗ್ಗವನ್ನು ಒಮ್ಮೆ ಕಪಾಟಿನ ಮೇಲೆ, ಒಮ್ಮೆ ಕೆಳಗೆ ಇಡುತ್ತಿದ್ದ.

ಹತ್ತು ವಾರ ಕಳೆಯಿತು. ಮೂರು ತಿಂಗಳಿಗೊಮ್ಮೆ ಹೊರೆಯ ವರದಿ ಬರೆಯುವುದು ಅವನ ಪಾಲಿನ ಕೆಲಸ. ಫಲಿತಾಂಶದ ದಿನ ತೊಂಬತ್ತೇಳರಲ್ಲಿ ನಿಂತ ಹೊರೆ ನೂರಕ್ಕೆ ಏಕೆ ಹೋಗಲಿಲ್ಲ ಎಂದು ಮೇಲಿನವರು ಕೇಳಿದ್ದರು. ಗುರುಸಿದ್ಧ ಅಂದಿನ ಕರೆಗಳ ದಾಖಲೆ ತೆರೆದ. ಎಲ್ಲ ಕರೆಗಳಿಗೂ ತೇಪೆ ಒಂದು ಸೆಕೆಂಡು, ಎರಡು ಸೆಕೆಂಡು, ಮೂರು ಸೆಕೆಂಡು. ಹದಿನಾರು ನಂಬರುಗಳಿಗೆ ಮಾತ್ರ ಅಂಕಿ ಬೇರೆ ಇತ್ತು. ಒಂದಕ್ಕೆ ಎಪ್ಪತ್ತು ಸೆಕೆಂಡು, ಇನ್ನೊಂದಕ್ಕೆ ನಾಲ್ಕು ನಿಮಿಷ. ಮತ್ತೊಂದಕ್ಕೆ ತೊಂಬತ್ತೆಂಟು ಸೆಕೆಂಡು, ಕರೆ ಇದ್ದದ್ದೇ ನೂರು ಸೆಕೆಂಡಿನದು. ಆ ನಂಬರು ಅವನಿಗೆ ಬಾಯಿಪಾಠವಾಗಿತ್ತು.

ಆ ಹದಿನಾರೂ ಮನೆಪಟ್ಟಿಯ ನಂಬರುಗಳು.

ಆಗ ನೆನಪಾಯಿತು. ಚಳಿಗಾಲದಲ್ಲಿ ತೇಪೆಯ ಪರೀಕ್ಷೆ ನಡೆದಾಗ, ಮನೆಯವರಿಗೆ ಗೊತ್ತಾಗದ ಹಾಗೆ ಎಷ್ಟು ಹೊತ್ತು ಎಳೆಯಬಹುದು ನೋಡೋಣ ಎಂದು ಮನೆಪಟ್ಟಿಗೆ ಮೂರು ಸೆಕೆಂಡಿನ ಮಿತಿ ತೆಗೆದಿದ್ದರು. ತೆಗೆದವನು ಅವನೇ. ಯಾರ ಮನೆಯಲ್ಲೂ ಯಾರಿಗೂ ಗೊತ್ತಾಗಲಿಲ್ಲ. ಪರೀಕ್ಷೆ ಗೆದ್ದಿತೆಂದು ಧಾರವಾಡದ ಫೇಡೆ ಹಂಚಿದರು. ಊರ ಜನರ ಕರೆಗಳಿಗೆ ಮಿತಿ ಸರಿಯಾಗಿದೆಯೇ ಎಂದು ಹತ್ತು ಸಲ ನೋಡಿದವರು ತಮ್ಮ ಮನೆಯವರದ್ದನ್ನು ಮತ್ತೆ ಹಾಕುವುದನ್ನೇ ಮರೆತಿದ್ದರು. ಮಿತಿಯಿಲ್ಲದ್ದರಿಂದ, ಹೊರೆ ತೊಂಬತ್ತು ದಾಟಿದ ಕೂಡಲೇ ಸರ್ವರು ಮೊದಲು ಕೈಬಿಡುತ್ತಿದ್ದುದು ಆ ಹದಿನಾರು ಜನರನ್ನು.

ತೇಪೆ ಹೇಗೆ ಕೂತಿದೆ ಎಂದು ಪರೀಕ್ಷಿಸಲು ಫೋನುಗಳು ತಾವು ಆಡಿದ ಮಾತನ್ನು ಬರಹದಲ್ಲಿ ಕಂಪನಿಗೆ ಕಳಿಸುತ್ತಿದ್ದವು. ಗುರುಸಿದ್ಧ ಅದನ್ನು ತೆಗೆದು ಓದಿದ. ಒಂದೇ ಕರೆಯಲ್ಲಿ ಎರಡು ಸಂಭಾಷಣೆ ನಡೆದಿತ್ತು. ಅವನು ಹುಬ್ಬಳ್ಳಿಯಲ್ಲಿ ತನ್ನ ಫೋನಿನೊಂದಿಗೆ ಮಾತಾಡಿದ್ದ, ಅವಳು ನರಗುಂದದಲ್ಲಿ ತನ್ನ ಫೋನಿನೊಂದಿಗೆ. ಅವನ ಫೋನು ಎಣಗಾಯಿಯ ವಿಷಯ ಹೇಳಿತ್ತು. ಅವಳ ಫೋನು ಹೇಳಿದ್ದು ಇಷ್ಟು: ‘ಏನೂ ಆಗೂದಿಲ್ಲ. ಸುಮ್ನ ಚಿಂತಿ ಮಾಡಬ್ಯಾಡ. ಒಂದೀಟು ಮಲಕೋ. ನಾ ಕೆಲಸದಾಗ ಅದೀನಿ, ಸಂಜಿಕ ಮಾತಾಡೂಣು.’

ಅವಳು ಆಡಿದ ಮಾತು ಮಾತ್ರ ಎಲ್ಲೂ ಇರಲಿಲ್ಲ. ಆ ಪೊಟ್ಟಣಗಳು ತಡವಾಗಿದ್ದವು, ಸರ್ವರು ಎಸೆದಿತ್ತು. ಗುರುಸಿದ್ಧ ಮೇಜಿನ ಮೇಲೆ ತಲೆಯಿಟ್ಟು ಅತ್ತ. ಪಕ್ಕದ ಕುರ್ಚಿಯವನು ನೀರು ತಂದುಕೊಟ್ಟ.

ದೇಸಾಯಿ ಮೇಡಂ ದಾಖಲೆಯನ್ನು ಎರಡು ಸಲ ಓದಿದರು. ಅರವತ್ತರ ಹತ್ತಿರದ ಹೆಂಗಸು, ಎಂಥ ಗದ್ದಲದಲ್ಲೂ ದನಿ ಏರಿಸಿದವರಲ್ಲ.

“ಈ ನಾಲ್ಕು ನಿಮಿಷದ್ದು ನಮ್ಮವ್ವನ ನಂಬರು,” ಎಂದರು ಕೊನೆಗೆ. “ಅವತ್ತ ಆಕಿ ನನ್ನ ಕೂಡ ಹಳೇ ಸಿಟ್ಟೆಲ್ಲಾ ಮರತು ಭಾಳ ಚಂದ ಮಾತಾಡಿದ್ಳು ಅಂತ ಖುಷಿಪಟ್ಟಿದ್ದೆ.”

ಅವರು ಅಂದೇ ಮನೆಪಟ್ಟಿಯನ್ನು ಅಳಿಸಿಹಾಕಿದರು. ಸಾರ್ವಜನಿಕರ ತೇಪೆಯನ್ನೂ ನಿಲ್ಲಿಸೋಣ ಎಂದ ಗುರುಸಿದ್ಧ.

“ಅದು ಮೂರ ಸೆಕೆಂಡಪಾ. ಮೂರು ಸೆಕೆಂಡಿನ್ಯಾಗ ಏನಾಗತೈತಿ?”

“‘ಬಾ’ ಅನ್ನಾಕ ಅಷ್ಟೂ ಬೇಕಾಗೂದಿಲ್ರಿ ಮೇಡಂ.”

ಮೇಡಂ ಬೇಡ ಎನ್ನಲಿಲ್ಲ. ಗುರುಸಿದ್ಧ ತನ್ನ ಜಾಗಕ್ಕೆ ಬಂದು ಹನ್ನೆರಡು ಸರ್ವರುಗಳಲ್ಲೂ ತೇಪೆ ನಿಲ್ಲಿಸಿದ. ಮೇಲಿನವರು ಎರಡು ದಿನದಲ್ಲಿ ಮತ್ತೆ ಹಾಕಿಸಬಹುದು, ಅವನ ಕೈಗೆ ನೋಟೀಸನ್ನೂ ಕೊಡಬಹುದು. ಅರ್ಧ ಗಂಟೆಯಲ್ಲಿ ದೂರುಗಳು ಬಂದವು. ಕಡಿಕಡಿದು ಕೇಳತೈತಿ, ಅರ್ಧ ಮಾತು ನುಂಗತೈತಿ, ನಿಮ್ಮ ಕಂಪನಿಗೆ ಏನ್ ರೋಗ ಬಂದೈತಿ. ತಿಂಗಳುಗಟ್ಟಲೆ ಖಾಲಿಯಿದ್ದ ದೂರಿನ ಪರದೆ ತುಂಬಿಹೋಯಿತು. ಕೇಳಲಿಲ್ಲ ಎಂದು ಜನ ಮತ್ತೆ ಬೈಯುತ್ತಿರುವುದನ್ನು ನೋಡಿ ಅವನಿಗೆ ಎಷ್ಟೋ ದಿನದ ಮೇಲೆ ಒಂಚೂರು ಸಮಾಧಾನವಾಯಿತು.

ಮರುದಿನ ಬೆಳಿಗ್ಗೆ ದಾಖಲೆಯ ಎರಡು ಹಾಳೆ ಮಡಿಚಿ ಜೇಬಿನಲ್ಲಿಟ್ಟುಕೊಂಡು ನರಗುಂದಕ್ಕೆ ಹೊರಟ. ಇದನ್ನು ಫೋನಿನಲ್ಲಿ ಹೇಳುವ ಮಾತೇ ಇರಲಿಲ್ಲ. ತೋರಿಸಿದರೆ ನಂಬುತ್ತಾಳೆ, ನಂಬಿದರೆ ಮನೆಗೆ ಬರುತ್ತಾಳೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಮನುಷ್ಯರು ಕಾರು ಓಡಿಸುವಾಗ ಇಂಥ ಲೆಕ್ಕ ಬಹಳ ಸುಲಭವಾಗಿ ಕೂಡುತ್ತದೆ.

ದಾನೇಶ್ವರಿ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು ಮೆಂತ್ಯಪಲ್ಲೆ ಸೋಸುತ್ತಿದ್ದಳು. ಬಹಳ ಇಳಿದುಹೋಗಿದ್ದಳು. ಅತ್ತೆ ಅವನಿಗೆ ನೀರು ಕೊಟ್ಟು, ಇಬ್ಬರನ್ನೂ ಬಿಟ್ಟು ಹಿತ್ತಲಿಗೆ ಹೋದಳು. ಅವನು ಹಾಳೆಗಳನ್ನು ಅವಳ ಮುಂದಿಟ್ಟ. ತೇಪೆ ಎಂದರೇನು, ಮನೆಪಟ್ಟಿ ಎಂದರೇನು, ಮಿತಿ ತೆಗೆದವನು ಯಾರು, ಹಾಕಲು ಮರೆತವನು ಯಾರು, ಎಲ್ಲ ಹೇಳಿದ. ತನಗೆ ಅನುಕೂಲವಾಗುವ ಹಾಗೆ ಏನನ್ನೂ ಮುಚ್ಚಿಡಲಿಲ್ಲ.

ಅವಳು ಹಾಳೆ ಓದಿದಳು. ಪಲ್ಲೆಯ ದಂಟು ಕೈಯಲ್ಲೇ ಇತ್ತು.

“ಅಂದ್ರ ಅದು ನೀವಲ್ಲ.”

“ನಾನಲ್ಲ ದಾನಿ.”

“ನಿಮಗ ನನ್ನ ಮಾತು ಕೇಳಿಸೇ ಇಲ್ಲ.”

“ಇಲ್ಲ.”

ಗುರುಸಿದ್ಧನಿಗೆ ಎದೆ ಹಗುರಾಗುವ ಹಾಗಿತ್ತು. ಅಷ್ಟರಲ್ಲಿ ಅವಳು ಕೇಳಿದಳು.

“ಇದನ್ನ ಯಾತರ ಮ್ಯಾಲೆ ಊಹಾ ಮಾಡತೈತ್ರಿ ಅದು?”

“ಆರು ತಿಂಗಳು ನಾ ನಿನ್ನ ಕೂಡ ಮಾತಾಡಿದ್ದರ ಮ್ಯಾಲೆ.”

“ಹೌದಾ,” ಎಂದಳು. ಹಾಳೆಯನ್ನು ಮತ್ತೆ ನೋಡಿದಳು. “ನಾ ನಂಬ್ತೀನ್ರಿ, ನೀವು ಸುಳ್ಳು ಹೇಳಾಕತ್ತಿಲ್ಲ. ಆದ್ರ ಒಂದ್ ಮಾತು. ನನ್ನ ಗಂಡ ಹಿಂಗ ಅನ್ನೂ ಮನಷ್ಯಾ ಅಲ್ಲ, ಇದೇನೋ ಬ್ಯಾರೇನ ಐತಿ ಅಂತ ಅವತ್ತ ನನಗ ಒಂದೀಟರ ಅನಮಾನ ಬರಬೇಕಾಗಿತ್ತಲ್ಲ? ಬರಲಿಲ್ಲ. ಬ್ಯಾಸರಾತು, ಆದ್ರ ಅನಮಾನ ಬರಲಿಲ್ಲ.”

ಗುರುಸಿದ್ಧನಿಗೆ ಅದೇ ನ್ಯಾಯ ತನಗೂ ಸಲ್ಲುತ್ತದೆ ಎಂದು ಆಗ ಅನ್ನಿಸಿತು. ಎಂಟು ತುಂಬಿದ ಹೆಂಡತಿ ಹೊಟ್ಟೆಯೊಳಗಿನ ಕೂಸಿನ ಮಾತನ್ನೇ ಎತ್ತದೆ ಎಣಗಾಯಿಯ ಸುದ್ದಿ ಹೇಳಿ ಫೋನಿಟ್ಟಾಗ ಅವನಿಗೂ ಏನೂ ಅನ್ನಿಸಿರಲಿಲ್ಲ. ಕೂಸಿನ ಬಗ್ಗೆ ಅವನಾದರೂ ಕೇಳಬಹುದಿತ್ತು. ಕೇಳಿರಲಿಲ್ಲ.

“ಇಷ್ಟ ದಿನಾ ನಿಮ್ಮ ಮ್ಯಾಲೆ ಸಿಟ್ಟರ ಇತ್ತು,” ಎಂದಳು ದಾನೇಶ್ವರಿ. “ಅದನ್ನ ಹಿಡ್ಕೊಂಡು ಮುಂಜಾನಿ ಏಳ್ತಿದ್ದೆ. ಈಗ ಯಾರ ಮ್ಯಾಲೆ ಮಾಡ್ಲಿ? ಆ ಡಬ್ಬಿ ಮ್ಯಾಲೆ ಮಾಡಾಕ ಬರತೈತೇನು?”

“ನನ್ನ ಮ್ಯಾಲೇ ಮಾಡು.”

ಅವಳು ತಲೆಯಾಡಿಸಿದಳು, ಆಗದು ಎಂಬ ಹಾಗೆ. ಪಲ್ಲೆಯನ್ನು ಬುಟ್ಟಿಗೆ ಹಾಕಿ ಪಕ್ಕಕ್ಕೆ ಸರಿಸಿದಳು. ಏನಾದರೂ ಹೇಳಬೇಕೆಂದು ಗುರುಸಿದ್ಧ ಬಾಯಿ ತೆರೆದ. ‘ಊಟಾ ಮಾಡೀಯಿಲ್ಲ’ ಎಂಬುದು ನಾಲಿಗೆಯ ತುದಿಗೆ ಬಂತು, ನುಂಗಿದ. ‘ಚಿಂತಿ ಮಾಡಬ್ಯಾಡ’ ಬಂತು, ಅದನ್ನೂ ನುಂಗಿದ. ಅವನ ಹತ್ತಿರ ಇದ್ದ ಮಾತೆಲ್ಲ ಆ ಯಂತ್ರಕ್ಕೂ ಬರುತ್ತಿತ್ತು.

“ಅವತ್ತ ನೀ ಅಂದದ್ದು ಎಲ್ಲೂ ಉಳಿದಿಲ್ಲ,” ಎಂದ ಕೊನೆಗೆ. “ಸರ್ವರಿನ್ಯಾಗ ಇಲ್ಲ, ಫೋನಿನ್ಯಾಗ ಇಲ್ಲ. ನಿನ್ನ ಹಂತ್ಯಾಕ ಅಷ್ಟ ಐತಿ. ನನಗ ಹೇಳು.”

“ಈಗ ಕೇಳಿ ಏನ್ ಮಾಡ್ತೀರಿ?”

“ಏನೂ ಮಾಡಾಕ ಬರೂದಿಲ್ಲ. ಆದ್ರ ಅಪ್ಪ ಆದಂವ ಕೇಳಬೇಕಾದದ್ದು ನಾ ಇನ್ನೂ ಕೇಳಿಲ್ಲ.”

ಹಿತ್ತಲಿನಲ್ಲಿ ಅತ್ತೆ ಬಟ್ಟೆ ಕುಕ್ಕುವ ಸದ್ದು ಬರುತ್ತಿತ್ತು. ದಾನೇಶ್ವರಿ ಕಣ್ಣು ಮುಚ್ಚಿಕೊಂಡಳು. ಅಂದು ಎಲ್ಲಿ ಕೂತಿದ್ದಳೋ, ಹೇಗೆ ಕೂತಿದ್ದಳೋ, ಅದನ್ನು ನೆನಪು ಮಾಡಿಕೊಳ್ಳುವ ಹಾಗೆ ಬೆನ್ನನ್ನು ಗೋಡೆಗೆ ಆನಿಸಿದಳು. ಆಮೇಲೆ ಮೆಲ್ಲಗೆ ಶುರು ಮಾಡಿದಳು.

“ರೀ, ಕೆಲಸದಾಗ ಅದೀರೇನು? ಒಂದ್ ನಿಮಿಷ ಕೇಳ್ರಿ. ಮುಂಜಾನಿಂದ ಕೂಸು ಒದ್ದಿಲ್ರಿ. ಎಡಕ್ಕ ಮಲಕೊಂಡ ನೋಡಿದೆ, ನೀರು ಕುಡದ ನೋಡಿದೆ, ಕೈ ಇಟ್ಟು ಮಾತಾಡಿಸಿ ನೋಡಿದೆ. ಅವ್ವ ಒಮ್ಮೊಮ್ಮೆ ಹಂಗ ಇರತೈತಿ ಅಂತಾಳ. ನನಗ್ಯಾಕೋ ಭಾಳ ಅಂಜಿಕಿ ಆಗಾಕತ್ತೈತ್ರಿ. ಗಾಡಿ ಮಾಡ್ಕೊಂಡು ಹುಬ್ಬಳ್ಳಿಗೆ ಬಂದ ಬಿಡ್ಲೇನು?”

ಅಲ್ಲಿಗೆ ನಿಲ್ಲಿಸಿದಳು. ಅಂದೂ ಅಲ್ಲಿಗೇ ನಿಲ್ಲಿಸಿದ್ದಳು. ಕಣ್ಣು ತೆರೆದು ಅವನ ಮುಖವನ್ನು ನೋಡುತ್ತ ಕಾದಳು. ಉತ್ತರ ಇನ್ನೂ ಬರಬೇಕಾಗಿರುವವರು ಕಾಯುವ ಹಾಗೆಯೇ ಕಾದಳು.

“ಬಾ,” ಎಂದ ಗುರುಸಿದ್ಧ. “ಯಾರನ್ನೂ ಕಾಯಬ್ಯಾಡ. ಇದ್ದಂಗ ಹೊಂಡು. ನಾ ಎಲ್ಲಾ ಬಿಟ್ಟು ದವಾಖಾನಿ ಬಾಗಲದಾಗ ನಿಂತಿರ್ತೀನಿ. ಅಂಜಬ್ಯಾಡ ಅನ್ನೂದಿಲ್ಲ, ನನಗೂ ಅಂಜಿಕಿ ಆಗೈತಿ. ಲಗೂ ಬಾ.”

“ಹೂಂನ್ರಿ,” ಎಂದಳು ದಾನೇಶ್ವರಿ. “ಹೊಂಟೆ.”

ಅವಳು ನಿಜವಾಗಿಯೂ ಏಳಲು ಹೋದಳು. ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈಯಿಂದ ಖಾಲಿ ಹೊಟ್ಟೆಯನ್ನು ಹಿಡಿದುಕೊಂಡು ಅರ್ಧ ಎದ್ದಳು. ಆಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಳು.